ಘಟ್ಟದ ಮಳೆಗೆ ಹೋದ ಕಂಬಳಿ

ನಮ್ಮಪ್ಪ ದೊಡ್ಡೀರಪ್ಪ ಚಳ್ಳಕೆರೆಯಿಂದ ಘಟ್ಟದ ಕಾಫಿ ತೋಟದವರೆಗೆ ಒಬ್ಬನೇ ಸೈಕಲ್ ಮೇಲೆ ಹೋಗಿ ಹದಿನೇಳನೆಯ ದಿನ ಮನೆಗೆ ಬಂದ. ಹೋಗುವುದಕ್ಕೆ ಹತ್ತಿರ ಹತ್ತಿರ ನೂರ ನಲವತ್ತು ಮೈಲಿ, ಬರುವುದಕ್ಕೂ ಅಷ್ಟೇ. ಆಗ ಅವನಿಗೆ ನಲವತ್ತೆಂಟು ವರ್ಷ. ಸೈಕಲ್ ಹತ್ತುವುದನ್ನು ಕಲಿತು ಇನ್ನೂ ತಿಂಗಳು ತುಂಬಿರಲಿಲ್ಲ.

ಇದು ಸಾವಿರದ ಒಂಬೈನೂರ ಹದಿಮೂರನೆಯ ಇಸವಿಯ ಆಷಾಢದ ಮಾತು. ಇವತ್ತಿಗೂ ಓಣಿಗೆ ಹೊಸಬರು ಬಂದರೆ ಸೈಕಲ್ಲಿನ ಕಥೆ ಹೇಳು ಎಂದು ಅಪ್ಪನನ್ನು ಕೂರಿಸುತ್ತಾರೆ. ಎಲ್ಲಿ ಬಿದ್ದೆ, ನಾಯಿ ಅಟ್ಟಿಸಿಕೊಂಡು ಬಂದವಾ, ಇಳಿಜಾರಿನಲ್ಲಿ ಹೆಂಗೆ ನಿಲ್ಲಿಸಿದೆ, ಇಷ್ಟೇ ಅವರಿಗೆ ಬೇಕಾದದ್ದು. ಯಾವ ಕೆಲಸಕ್ಕೆ ಹೋಗಿದ್ದ, ಏನು ತಿಳಿದುಕೊಂಡು ಬಂದ ಎಂಬುದನ್ನು ಕೇಳುವವರು ಕಡಿಮೆ. ನಾನು ಅದನ್ನು ಬರೆದಿಡುತ್ತೇನೆ.

ಆಗ ನಾನು ಬಾಣಂತಿ. ಜ್ಯೇಷ್ಠದ ಮೊದಲ ವಾರದಲ್ಲಿ ನನ್ನ ಚೊಚ್ಚಲ ಕೂಸು, ಹೆಣ್ಣು, ತೌರುಮನೆಯಲ್ಲಿ ಹುಟ್ಟಿತು. ಯಜಮಾನರು ಬಿ.ಜಿ. ಕೆರೆಯ ಶಾಲೆಯಲ್ಲಿ ಮೇಷ್ಟ್ರು. ನನಗೆ ಅಕ್ಷರ ಕಲಿಸಿದವರೂ ಅವರೇ. ಐದು ತಿಂಗಳು ಸುಮ್ಮನೆ ಕೂತಿರಬೇಡ, ದಿನಕ್ಕೆ ನಾಲ್ಕು ಸಾಲು ಬರಿ ಎಂದು ಗೆರೆ ಹಾಕಿದ ಒಂದು ಪುಸ್ತಕ ಕೊಟ್ಟು ಹೋಗಿದ್ದರು. ಕೂಸು ಎದೆ ಬಿಟ್ಟು ನಿದ್ದೆ ಹೋದಾಗ ಬರೆಯುತ್ತಿದ್ದೆ. ಬಾಣಂತಿ ಕೋಣೆಗೂ ಮಗ್ಗದ ಪಡಸಾಲೆಗೂ ನಡುವಿನ ಗೋಡೆ ಸೂರಿನ ತನಕ ಇರಲಿಲ್ಲ. ಆ ಕಡೆ ಆಡಿದ ಮಾತೆಲ್ಲ ಈ ಕಡೆ ಬೀಳುತ್ತಿತ್ತು.

ನಮ್ಮದು ಕಂಬಳಿ ನೇಯುವವರ ಓಣಿ, ಹದಿನಾಲ್ಕು ಮಗ್ಗ. ಹೆಂಗಸರು ರಾಟೆಯಲ್ಲಿ ಉಣ್ಣೆ ನೂಲುತ್ತಾರೆ, ಗಂಡಸರು ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಕೂತು ನೇಯುತ್ತಾರೆ. ಹುಣಸೆಬೀಜವನ್ನು ಹುರಿದು, ಸಿಪ್ಪೆ ತೆಗೆದು, ಬೀಸಿ, ಆ ಹಿಟ್ಟನ್ನು ಕುದಿಸಿ ಗಂಜಿ ಮಾಡುತ್ತೇವೆ. ನೇಯುವ ಮೊದಲು ಮಗ್ಗದ ಉದ್ದಕ್ಕೆ ಕಟ್ಟುವ ಹಾಸಿನ ನೂಲಿಗೆ ಒಮ್ಮೆ ಗಂಜಿ, ನೇಯ್ದಾದ ಮೇಲೆ ಕಂಬಳಿಗೆ ಇನ್ನೊಮ್ಮೆ ಗಂಜಿ. ಬಿಸಿಲಿಗೆ ಒಣಗಿದರೆ ಕಂಬಳಿ ಹಲಗೆಯಂತೆ ಸೆಟೆದು ನಿಲ್ಲುತ್ತದೆ. ಸಂತೆಯಲ್ಲಿ ಗಿರಾಕಿ ಮೊದಲು ನೋಡುವುದೇ ಅದನ್ನು. ಮಡಿಸಿದ ಕಂಬಳಿಯನ್ನು ಅಂಚಿನ ಮೇಲೆ ನೆಲಕ್ಕೆ ನಿಲ್ಲಿಸುತ್ತಾನೆ. ನಿಂತರೆ ನೇಯ್ದವನ ಕೈ ಒಳ್ಳೆಯದು. ಕುಸಿದರೆ ಮುಂದಿನ ಅಂಗಡಿಗೆ ಹೋಗುತ್ತಾನೆ.

ಹಿಂದಿನ ವರ್ಷ ಚಿಕ್ಕಮಗಳೂರಿನ ಆಚೆಯ ಒಂದು ಕಾಫಿ ತೋಟದವರು ಆಳುಗಳಿಗೆ ಹಂಚುವುದಕ್ಕೆ ನೂರು ಕಂಬಳಿ ಕೇಳಿದ್ದರು. ಸಂತೆಗೆ ಒಂದೊಂದಾಗಿ ಹೊತ್ತು ಮಾರಿ ರೂಢಿಯಿದ್ದ ಓಣಿಗೆ ಅದು ದೊಡ್ಡ ಸುದ್ದಿ. ಹದಿನಾಲ್ಕು ಮಗ್ಗವೂ ಹಗಲೆಲ್ಲ ಸದ್ದು ಮಾಡಿದವು. ಕಂಬಳಿ ಗಾಡಿಗೆ ಏರಿದವು. ಈ ವರ್ಷವೂ ಅವರೇ ಕೇಳುತ್ತಾರೆಂದು ಎಲ್ಲರೂ ಉಣ್ಣೆ ಕೂಡಿಹಾಕಿ ಕಾದಿದ್ದರು. ಜ್ಯೇಷ್ಠ ಅರ್ಧ ಕಳೆದಾಗ ಟಪಾಲಿನಲ್ಲಿ ಕಾಗದ ಬಂತು. ಓಣಿಯಲ್ಲಿ ಓದು ಬರುತ್ತಿದ್ದವಳು ನಾನೊಬ್ಬಳೇ. ಬಾಗಿಲ ಸಂದಿನಿಂದ ಕಾಗದ ಒಳಗೆ ಕೊಟ್ಟರು. ಆಚೆ ನಿಂತವರಿಗೆ ಕೇಳುವಂತೆ ಓದಿದೆ. ನಿಮ್ಮ ಕಂಬಳಿ ಒಂದು ಮಳೆಗಾಲ ಕಾಣಲಿಲ್ಲ, ಕೊಳೆತು ನಾರುತ್ತಿವೆ, ಆಳುಗಳು ಹೊದೆಯಲು ಒಲ್ಲೆನ್ನುತ್ತಾರೆ, ಇನ್ನು ಮುಂದೆ ಬೇರೆ ಕಡೆಯಿಂದ ತರಿಸುತ್ತೇವೆ ಎಂದು ತೋಟದ ಲೆಕ್ಕ ನೋಡುವ ರೈಟರು ಬರೆದಿದ್ದರು.

ಓದಿ ಕಾಗದ ಮಡಿಸಿದೆ. ಆಮೇಲೆ ಜೋಗಪ್ಪನ ದನಿ ಬಂತು. ಓಣಿಯ ನೇಕಾರರಲ್ಲಿ ಅವನೇ ಹಿರಿಯ. ಅಪ್ಪನಿಗೂ ಮಗ್ಗ ಕಲಿಸಿದವನು.

"ಸುಳ್ಳು. ಚಳ್ಳಕೆರೆ ಕಂಬಳಿ ಕೊಳೀತದೇನಲೇ? ನಮ್ಮಜ್ಜ ಹೊದ್ದಿದ್ದು ನಾನು ಹೊದ್ದಿದೀನಿ. ಆ ರೈಟರಿಗೆ ಯಾವನೋ ಬೇರೆಯವನು ಕೈ ಬೆಚ್ಚಗೆ ಮಾಡಿರ್ಬೇಕು."

"ಹಂಗೇ ಇರ್ಬೇಕು" ಎಂದರು ನಾಲ್ಕಾರು ಮಂದಿ.

ಅಪ್ಪ ಮಾತ್ರ, "ನೋಡದೆ ಹೆಂಗೆ ಹೇಳೋಣ?" ಎಂದ.

"ನೋಡಾಕೆ ಘಟ್ಟಕ್ಕೆ ಹೋಗ್ತೀಯಾ?"

"ಹೋಗ್ತೀನಿ."

ಆ ನೂರು ಕಂಬಳಿಯ ಜವಾಬ್ದಾರಿ ಹೊತ್ತವನು ಅಪ್ಪನೇ. ಈ ಕೆಲಸ ತಪ್ಪಿದರೆ ಕೂಡಿಟ್ಟ ಉಣ್ಣೆಗೆ ನುಸಿ ಹಿಡಿಯುತ್ತದೆ, ಅರ್ಧ ಮಗ್ಗ ನಿಲ್ಲುತ್ತವೆ, ದೊಡ್ಡೀರಪ್ಪನ ಮಾತು ಕೇಳಿ ಕೆಟ್ಟೆವು ಎಂದು ಓಣಿ ಅನ್ನುತ್ತದೆ. ಇದೆಲ್ಲ ಅವನ ಎದೆಯ ಮೇಲೆ ಕೂತಿತ್ತು. ರೈಟರು ಬೇರೆಯವರಿಗೆ ಮಾತು ಕೊಡುವ ಮೊದಲು ಮುಟ್ಟಬೇಕಾಗಿತ್ತು.

ನಮ್ಮವ್ವ ಯರ್ರಮ್ಮ ಮೊಳಕಾಲ್ಮೂರು ಕಡೆಯವಳು, ರಾಂಪುರದ ಹತ್ತಿರದ ಹಳ್ಳಿ. ಸಿಟ್ಟು ಬಂದರೆ ತೆಲುಗು ಬರುತ್ತದೆ.

"ಏಮಯ್ಯಾ, ಮನೇಲಿ ಹಸಿ ಬಾಣಂತಿ ಐತೆ, ನೀನು ಘಟ್ಟ ಹತ್ತೀಯಾ? ರೈಲಿಗಾದ್ರೂ ಹೋಗು."

"ರೈಲು ಹತ್ತಾಕೆ ಎರಡು ದಿನ ಗಾಡೀಲಿ ಹೋಗ್ಬೇಕು. ಅದು ಕಡೂರಿಗೆ ಇಳಿಸ್ತದೆ. ಅಲ್ಲಿಂದ ಮುಂದೆ ನಲವತ್ತು ಮೈಲಿ ಯಾರು ಹೊತ್ಕೊಂಡು ಹೋಗ್ತಾರೆ? ನಿಂಗಿ ಅವ್ವಾ, ಖಾಜಾ ಹುಸೇನನ ಅಂಗಡೀಲಿ ಒಂದು ಸೈಕಲ್ ಐತೆ."

ನಿಂಗಿ ಎಂದರೆ ನಾನು, ಅಪ್ಪ ಅವ್ವನನ್ನು ಹಾಗೇ ಕರೆಯುವುದು. ಅವ್ವ ಬಾಯಿ ಮೇಲೆ ಕೈ ಇಟ್ಟುಕೊಂಡಳು.

ಖಾಜಾ ಹುಸೇನ್ ಸಂತೆ ಬೀದಿಯಲ್ಲಿ ಹೊಲಿಗೆ ಮಷೀನು, ಬೀಗ, ಲಾಟೀನು ರಿಪೇರಿ ಮಾಡುತ್ತಿದ್ದವನು. ವರ್ಗವಾಗಿ ಹೋದ ರಸ್ತೆ ಓವರ್‌ಸಿಯರ್ ಒಬ್ಬರು ತಮ್ಮ ಸೈಕಲ್ಲನ್ನು ಅವನಿಗೆ ಬಿಟ್ಟುಹೋಗಿದ್ದರು. ಊರಿಗೆ ಅದೊಂದೇ. ಅಪ್ಪ ಹೋಗಿ ಕೇಳಿದಾಗ ಅವನು ನಕ್ಕನಂತೆ.

"ಅರೆ ದೊಡ್ಡೀರಪ್ಪನೋರೆ, ಇದು ಕುರಿ ಅಲ್ಲ, ಕಿವಿ ಹಿಡಿದ್ರೆ ನಿಲ್ಲಾಕೆ!"

"ಎಲ್ಲಿ ಹಿಡಿದ್ರೆ ನಿಲ್ತದೋ ನೀನೇ ತೋರ್ಸು."

ಒಂದು ಕಂಬಳಿ ನೇಯ್ದು ಕೊಡುವ ಮಾತಿನ ಮೇಲೆ ಸೈಕಲ್ ಕೈಗೆ ಬಂತು. ಉಳ್ಳಾರ್ತಿ ಕಾವಲಿನ ಹುಲ್ಲಿನಲ್ಲಿ ಬಿದ್ದರೆ ಪೆಟ್ಟಾಗುವುದಿಲ್ಲವೆಂದು ಇಬ್ಬರೂ ಅಲ್ಲಿಗೆ ಹೋಗುತ್ತಿದ್ದರು. ದನ ಕಾಯುವವರು ಸಾಲಾಗಿ ಕೂತು ನೋಡುತ್ತಿದ್ದರಂತೆ. ಒಂದು ದಿನ ಅಪ್ಪ ಮೊಣಕೈ ಕಿತ್ತುಕೊಂಡು ಬಂದ. ಇನ್ನೊಂದು ದಿನ ಹುಬ್ಬು. ಎಂಟನೆಯ ದಿನ ಮೈಗೆ ಏನೂ ಆಗದೆ ಬಂದು, "ಈಗ ಹತ್ತಾಕೂ ಬರ್ತದೆ, ಇಳಿಯಾಕೂ ಬರ್ತದೆ" ಎಂದ. ಮೊದಲು ಹತ್ತುವುದಷ್ಟೇ ಬರುತ್ತಿತ್ತು, ಇಳಿಯುವುದು ಬಿದ್ದೇ ಆಗುತ್ತಿತ್ತು.

ಆಷಾಢ ಹುಟ್ಟಿದ ಮೂರನೆಯ ದಿನ ಬೆಳಗ್ಗೆ ಹೊರಟ. ಹಿಂದೆ ಕಟ್ಟಿದ್ದು ಒಂದು ಹೊಸ ಕಂಬಳಿ, ರೈಟರಿಗೆ ತೋರಿಸುವುದಕ್ಕೆ. ಅವ್ವ ಕಟ್ಟಿಕೊಟ್ಟ ಒಣರೊಟ್ಟಿ, ಶೇಂಗಾ ಚಟ್ನಿಪುಡಿ. ಅದರ ಜೊತೆಗೆ ಒಂದು ಚೀಲ ಹುಣಸೆಬೀಜದ ಹಿಟ್ಟು. ದಾರಿಯಲ್ಲಿ ಕಂಬಳಿ ಮೆತ್ತಗಾದರೆ ಇನ್ನೊಮ್ಮೆ ಗಂಜಿ ಕೊಟ್ಟು ಸೆಟೆಸಿ ರೈಟರ ಮುಂದೆ ನಿಲ್ಲಿಸಬೇಕೆಂದು ಅವನ ಲೆಕ್ಕ. ಖಾಜಾ ಹುಸೇನ್ ಗಾಳಿ ಹಾಕುವ ಪಂಪು, ಟ್ಯೂಬಿಗೆ ತೇಪೆ ಹಚ್ಚುವ ರಬ್ಬರು, ಅದನ್ನು ಅಂಟಿಸುವ ಸಲ್ಯೂಷನ್ ಕೊಟ್ಟ. ಅಪ್ಪ ಬಾಣಂತಿ ಕೋಣೆಯ ಹೊಸಿಲ ಆಚೆ ನಿಂತು ಕೂಸನ್ನು ನೋಡಿದ. "ಹೋಗಿ ಬರ್ತೀನವ್ವಾ" ಎಂದ. ನನಗೆ ಹೇಳಿದನೋ ಕೂಸಿಗೆ ಹೇಳಿದನೋ ತಿಳಿಯಲಿಲ್ಲ.

ಇನ್ನು ಮುಂದಿನದು ಅವನು ತಿರುಗಿ ಬಂದ ಮೇಲೆ, ಕಾಲಿಗೆ ಎಣ್ಣೆ ತಿಕ್ಕಿಸಿಕೊಳ್ಳುತ್ತ ಅವ್ವನಿಗೂ ನನಗೂ ಹೇಳಿದ್ದು.

ಚಿತ್ರದುರ್ಗದ ತನಕ ಮುಳ್ಳಿನದೇ ಕಾಟ. ಕರಿಜಾಲಿ ಮುಳ್ಳು ಗಾಡಿ ಎತ್ತಿನ ಗೊರಸನ್ನೇ ಬಿಡುವುದಿಲ್ಲ, ರಬ್ಬರು ಎಷ್ಟರದು. ಮೊದಲ ದಿನವೇ ಐದು ಸಲ ಗಾಲಿ ಬಿಚ್ಚಿದ. ಹೊಳಲ್ಕೆರೆ ಹತ್ತಿರದ ಒಂದು ಹಳ್ಳಿಯಲ್ಲಿ ಸೈಕಲ್ಲನ್ನು ತಲೆಕೆಳಗೆ ಮಾಡಿ ಗಾಲಿ ತಿರುಗಿಸುತ್ತಿದ್ದಾಗ ಹೆಂಗಸರು ಕುಡುಗೋಲು, ಈಳಿಗೆ ಹಿಡಿದು ಬಂದು ಸುತ್ತ ನಿಂತರು. ಅಪ್ಪ ಬೆದರಿದ. ಅವರಲ್ಲೊಬ್ಬಳು, "ಸಾಣೆ ಹಿಡಿಯೋನಲ್ವೇನಪ್ಪಾ ನೀನು?" ಎಂದಳು. ಅಲ್ಲವೆಂದರೆ ನಂಬಲಿಲ್ಲ. "ಮತ್ತೆ ಚಕ್ರ ಯಾಕೆ ತಿರುಗಿಸ್ತಿದ್ದೀ?"

ಇದನ್ನು ಹೇಳುವಾಗ ಅವ್ವ ನಕ್ಕು ನಕ್ಕು ಎಣ್ಣೆ ಬಟ್ಟಲು ಉರುಳಿಸಿದಳು.

ಹೊಸದುರ್ಗ ಮುಟ್ಟುವಷ್ಟರಲ್ಲಿ ಸಲ್ಯೂಷನ್ ಮುಗಿಯಿತು. ತೇಪೆ ಇತ್ತು, ಅಂಟಿಸುವುದಕ್ಕೆ ಏನೂ ಇಲ್ಲ. ಕಂಬಳಿ ನೇಯುವವನ ಕೈಗೆ ಅಂಟು ಎಂದರೆ ಹುಣಸೆಬೀಜ. ಒಬ್ಬ ಮುದುಕಿಯ ಒಲೆಯ ಮೇಲೆ ಹಿಡಿ ಹಿಟ್ಟು ಕುದಿಸಿ, ಗಟ್ಟಿ ಗಂಜಿ ಮಾಡಿ, ತೇಪೆಗೆ ಬಳಿದು ಟ್ಯೂಬಿಗೆ ಒತ್ತಿದ. ಮೇಲೆ ಕಂಬಳಿಯ ಅಂಚಿನಿಂದ ಹರಿದ ಪಟ್ಟಿಯನ್ನು ಗಂಜಿಯಲ್ಲಿ ಅದ್ದಿ ಸುತ್ತಿದ. ಬಿಸಿಲಿಗೆ ಒಣಗಿಸಿ ಗಾಳಿ ಹಾಕಿದ. ನಿಂತಿತು. ಎರಡು ಮೂರು ಮೈಲಿಗೊಮ್ಮೆ ಪಂಪು ಒತ್ತಬೇಕಾದರೂ ತೇಪೆ ಕದಲಲಿಲ್ಲ. ಕಡೂರು ದಾಟಿ ಚಿಕ್ಕಮಗಳೂರಿನ ತನಕ ಅದೇ ಗಂಜಿಯ ಮೇಲೆ ಹೋದ.

"ಆ ಸಲ್ಯೂಷನ್ ಮಾಡಿದೋನಿಗೆ ಹುಣಸೆಬೀಜದ ವಿಷಯ ಗೊತ್ತಿಲ್ಲ ಅಂದ್ಕೊಂಡೆ" ಎಂದ ಅಪ್ಪ. "ಊರಿಗೆ ಹೋಗಿ ಖಾಜಾನಿಗೆ ಕಲಿಸ್ಬೇಕು ಅಂತ ಖುಷೀಲಿ ಹೋಗ್ತಿದ್ದೆ."

ಚಿಕ್ಕಮಗಳೂರು ಬಿಟ್ಟು ಘಟ್ಟದ ಏರು ಹಿಡಿದಾಗ ಮಳೆ ಬಂತು. ನಮ್ಮ ಸೀಮೆಯ ಮಳೆ ಬರುತ್ತದೆ, ಹೋಗುತ್ತದೆ. ಅದು ಹೋಗುವ ಮಳೆಯಲ್ಲ. ಅಪ್ಪ ಒಂದು ಮರದ ಕೆಳಗೆ ನಿಂತು ನಿಲ್ಲಲೆಂದು ಕಾದನಂತೆ. ಆ ದಾರಿಯಲ್ಲಿ ಹೋಗುತ್ತಿದ್ದವರೊಬ್ಬರು, "ಯಾಕೆ ನಿಂತಿದ್ದೀರಿ ಮಾರಾಯ್ರೆ?" ಎಂದು ಕೇಳಿದರು. ಮಳೆ ನಿಲ್ಲಲಿ ಅಂತ ಎಂದರೆ, "ಹಾಗಾದ್ರೆ ಎರಡು ತಿಂಗಳು ನಿಲ್ಲಿ" ಎಂದು ಹೇಳಿ ಹೋದರು.

ಅರ್ಧ ಮೈಲಿ ಹೋಗುವಷ್ಟರಲ್ಲಿ ಗಾಲಿ ಕೂತಿತು. ಬಿಚ್ಚಿ ನೋಡಿದ. ಮುಳ್ಳಿಲ್ಲ, ಏನಿಲ್ಲ. ತೇಪೆ ಜಾರಿ ಒಂದು ಕಡೆ ಸೇರಿತ್ತು. ಗಂಜಿ ನೀರಾಗಿ, ಲೋಳೆಯಾಗಿ ಬೆರಳಿಗೆ ಹತ್ತುತ್ತಿತ್ತು. ಇನ್ನೊಮ್ಮೆ ಅಂಟಿಸಿದ, ಇನ್ನೊಮ್ಮೆ ಜಾರಿತು. ಒಣಗಿಸಲು ಬಿಸಿಲೆಲ್ಲಿ? ಅಲ್ಲಿಂದ ಮುಂದಿನ ಹನ್ನೆರಡು ಮೈಲಿ ಸೈಕಲ್ಲನ್ನು ತಳ್ಳಿಕೊಂಡೇ ಹತ್ತಿದ. ಕಾಲಿನ ಹೆಬ್ಬೆರಳ ಉಗುರು ಹೋದದ್ದು ಆಗಲೇ. ತಿರುಗಿ ಹೋಗೋಣ ಅನ್ನಿಸಲಿಲ್ಲವೇ ಎಂದು ಕೇಳಿದೆ.

"ತಿರುಗಿದ್ರೂ ತಳ್ಕೊಂಡೇ ಬರ್ಬೇಕಿತ್ತಲ್ಲವ್ವಾ. ತಳ್ಳೋದಾದ್ರೆ ಮುಂದಕ್ಕೇ ತಳ್ಳೋಣ ಅಂದ್ಕೊಂಡೆ."

ತೋಟ ಮುಟ್ಟಿದಾಗ ಮಧ್ಯಾಹ್ನ. ರೈಟರು ಊಟಕ್ಕೆ ಹೋಗಿದ್ದರು. ಆಳುಗಳ ಲೈನು ಮನೆಗಳ ಜಗಲಿಯಲ್ಲಿ ಅಪ್ಪ ಕೂತ. ಅಲ್ಲಿ ಒಬ್ಬ ಹೆಂಗಸು ಮೊಲೆಗೂಸನ್ನು ಗೋಣಿಚೀಲದಲ್ಲಿ ಸುತ್ತಿ ಮಲಗಿಸುತ್ತಿದ್ದಳು. ಅವಳ ಮಾತು ಕಿವಿಗೆ ಬಿದ್ದದ್ದೇ ಅಪ್ಪನಿಗೆ ನಮ್ಮ ಕಡೆಯವಳೆಂದು ತಿಳಿಯಿತು. ಮೊಳಕಾಲ್ಮೂರಿನವಳು, ಹೆಸರು ಕೊಲ್ಲಾಪುರಮ್ಮ, ಗಂಡನ ಜೊತೆ ಕೂಲಿಗೆ ಬಂದವಳು.

"ಕಂಬಳಿ ಕೊಟ್ಟಿಲ್ವೇನವ್ವಾ ನಿಮಗೆ?" ಎಂದ ಅಪ್ಪ.

"ಕೊಟ್ಟವ್ರಲ್ಲ ಯಣ್ಣಾ! ಕಂಬಳಿ ಬಂದಾಗ ನಾನೇ ಎಲ್ಲರಿಗೂ ಹೇಳಿದ್ದೆ, ನಮ್ಮೂರ ಕಡೆ ಕಂಬಳಿ, ಹೆಂಗೈತೆ ನೋಡ್ರಿ ಅಂತ. ನಿಲ್ಲಿಸಿ ಬೇರೆ ತೋರಿಸಿದ್ದೆ. ಈಗ ನೋಡು, ಎಲ್ರೂ ನನ್ನೇ ಅಂತಾರೆ, ನಿಮ್ಮೂರ ಕಂಬಳಿ ನೀನೇ ಹೊದ್ಕೋ ಅಂತ."

ಒಳಗಿನಿಂದ ಅದನ್ನು ಎರಡು ಬೆರಳಲ್ಲಿ ಹಿಡಿದು ತಂದಳು. ಅಪ್ಪನ ಮಡಿಲಿಗೆ ಹಾಕಿದಳು. ತೂಕ ಒದ್ದೆ ಮಣ್ಣಿನ ಹಾಗೆ. ಬೂಷ್ಟು ಹಿಡಿದು ಬೆಳ್ಳಗಾಗಿತ್ತು. ಹಿಂಡಿದರೆ ಬೆರಳ ಸಂದಿಯಲ್ಲಿ ಲೋಳೆ ಇಳಿಯಿತು. ಅಪ್ಪ ಮೂಸಿ ನೋಡಿದ. ಬೆಳಗ್ಗೆಯಿಂದ ಗಾಲಿ ಬಿಚ್ಚಿ ಬಿಚ್ಚಿ ಅವನ ಕೈಯಲ್ಲಿ ನಿಂತಿದ್ದ ವಾಸನೆಯೇ ಅದು.

ಉಣ್ಣೆ ಕೊಳೆತಿರಲಿಲ್ಲ. ಗಂಜಿ ಕೊಳೆತಿತ್ತು. ಉಣ್ಣೆಯೊಳಗೆ ಅದು ನೀರು ಹಿಡಿದುಕೊಂಡು ಒಣಗಲು ಬಿಟ್ಟಿರಲಿಲ್ಲ.

ಇಲ್ಲಿಗೆ ಬಂದಾಗ ಅಪ್ಪ ಅವ್ವನ ಕೈಯಿಂದ ಕಾಲು ಎಳೆದುಕೊಂಡ.

"ದೊಡ್ಡ ಗಿರಾಕಿ, ಹೆಸರು ಉಳೀಬೇಕು, ಒಂದು ಕೈ ಹೆಚ್ಚಿಗೆ ಗಂಜಿ ಹಾಕ್ರಿ ಅಂತ ಹೋದ ವರ್ಷ ಎಲ್ರಿಗೂ ಹೇಳಿದೋನು ನಾನೇ" ಎಂದ. "ಹದಿನಾಲ್ಕು ಮನೇಗೂ ಹೋಗಿ ಹೇಳಿದ್ದೆ."

ನಮ್ಮ ಸೀಮೆಯಲ್ಲಿ ಕಂಬಳಿ ಎರಡು ದಿನಕ್ಕಿಂತ ಹೆಚ್ಚು ಒದ್ದೆ ಇರುವುದನ್ನು ಕಂಡವರೇ ಇಲ್ಲ. ಯಾರಿಗೆ ಹೊಳೆಯಬೇಕು?

ರೈಟರು ಬಂದಾಗ ಅಪ್ಪ ತಂದಿದ್ದ ಹೊಸ ಕಂಬಳಿಯನ್ನು ನಿಲ್ಲಿಸಿ ತೋರಿಸಲಿಲ್ಲ. ಅದನ್ನು ಹಳ್ಳಕ್ಕೆ ಒಯ್ದು ನೀರಿನಲ್ಲಿ ಅದ್ದಿ, ಬಂಡೆಯ ಮೇಲೆ ಹಾಕಿ, ಗಂಜಿಯೆಲ್ಲ ಬಿಡುವ ತನಕ ಕಾಲಲ್ಲಿ ತುಳಿದು, ಹಿಂಡಿ ತಂದ. ಮೆತ್ತಗೆ ಸೊಪ್ಪಾದ ಆ ಕಂಬಳಿಯನ್ನು ಅವರ ಮುಂದೆ ಹಾಸಿದ.

"ತಪ್ಪು ನಮ್ದು ಸ್ವಾಮಿ. ಗಂಜಿ ಹಾಕ್ಬಾರದಿತ್ತು. ಇಂಥವು ಹತ್ತು ಮಾಡಿ ಕಳಿಸ್ತೀನಿ, ಹದಿನೈದು ದಿನ ಮಳೇಲಿ ಹೊದಿಸಿ ನೋಡ್ರಿ."

ರೈಟರು ಕಂಬಳಿ ನೋಡಲಿಲ್ಲ, ಅಪ್ಪನ ಕಾಲು ನೋಡಿದರು, ಜಗಲಿಗೆ ಒರಗಿಸಿದ್ದ ಸೈಕಲ್ ನೋಡಿದರು.

"ಎಲ್ಲಿಂದ ಬಂದ್ರಿ ಮಾರಾಯ್ರೆ ಇದ್ರ ಮೇಲೆ?"

"ಚಳ್ಳಕೆರೆಯಿಂದ."

"ತಪ್ಪು ಒಪ್ಪಿಕೊಳ್ಳಲಿಕ್ಕೆ ಅಷ್ಟು ದೂರದಿಂದಲಾ?"

"ಜಗಳ ಆಡಾಕೆ ಬಂದಿದ್ದೆ ಸ್ವಾಮಿ. ಇಲ್ಲಿ ಬಂದ ಮೇಲೆ ತಪ್ಪು ಕಾಣ್ತು."

ಗೌರಿ ಹಬ್ಬದ ಒಳಗೆ ಹತ್ತು ಕಂಬಳಿ ಮುಟ್ಟಬೇಕು, ತಡವಾದರೆ ಬೇರೆಯವರಿಗೆ ಮಾತು ಕೊಡುತ್ತೇನೆ ಎಂದರು. ಹಳ್ಳದಲ್ಲಿ ತುಳಿದ ಕಂಬಳಿಯನ್ನು ಅಪ್ಪ ಕೊಲ್ಲಾಪುರಮ್ಮನ ಕೂಸಿಗೆ ಬಿಟ್ಟು ಬಂದ. ತೋಟದ ಮೇಸ್ತ್ರಿ ಯಾರಿಂದಲೋ ಸಲ್ಯೂಷನ್ ಕೊಡಿಸಿದನಂತೆ. ಇಳಿಯುವಾಗ ಅಷ್ಟು ಕಷ್ಟವಾಗಲಿಲ್ಲ.

ಅಪ್ಪ ಓಣಿಗೆ ಬಂದ ದಿನ ಜನ ಅವನನ್ನು ಹೊತ್ತು ತರುವುದೊಂದು ಬಾಕಿ. ಹೆಂಗಸರು ಕಾಲಿಗೆ ನೀರು ಹಾಕಿದರು. ಖಾಜಾ ಹುಸೇನ್ ಸೈಕಲ್ಲಿನ ಒಂದೊಂದು ಕಡ್ಡಿಯನ್ನೂ ಮುಟ್ಟಿ ನೋಡಿ, ಗಂಜಿ ತೇಪೆಯ ಸಂಗತಿ ಕೇಳಿ, "ಯಾ ಅಲ್ಲಾ! ಟ್ಯೂಬಿಗೆ ಅಂಬಲಿ ಕುಡಿಸಿದ್ದೀರಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ. ಅಪ್ಪನೂ ನಕ್ಕ. ಆಮೇಲೆ ಎಲ್ಲರನ್ನೂ ಪಡಸಾಲೆಯಲ್ಲಿ ಕೂರಿಸಿ, ಘಟ್ಟದ ಕಂಬಳಿಗೆ ಇನ್ನು ಗಂಜಿ ಇರಕೂಡದು ಎಂದ. ನಗು ನಿಂತಿತು.

"ಹಾಸಿನ ನೂಲಿಗೆ ಗಂಜಿ ಇಲ್ದಿದ್ರೆ ಮಗ್ಗದಾಗೆ ಹರೀತದೆ" ಎಂದ ಜೋಗಪ್ಪ.

"ನೇಯಾಕೆ ಗಂಜಿ ಹಾಕೋಣ ಮಾವ. ನೇಯ್ದ ಮೇಲೆ ಬಿಸಿನೀರಲ್ಲಿ ತುಳಿದು ಬಿಡಿಸೋಣ. ತುಳಿದಷ್ಟೂ ಉಣ್ಣೆ ಒಂದಕ್ಕೊಂದು ಕೂಡ್ಕೊಂಡು ದಟ್ಟ ಆಗ್ತದೆ. ಮೇಲ್ಗಂಜಿ ಬೇಡ."

"ಸೊಪ್ಪು ಕಂಬಳಿ ಕೊಟ್ರೆ ನಾಳೆ ಸಂತೇಲಿ ಏನಂತಾರೆ? ಚಳ್ಳಕೆರೆಯೋರ ಕೈ ಬಿದ್ದೋಯ್ತು ಅಂತಾರೆ. ನೀನು ಸೈಕಲ್ ತುಳಿದು ಬಂದಿದೀಯ, ದೊಡ್ಡ ಮಾತು, ಒಪ್ಪಿದೆ. ಅದ್ಕೆ ಅಂತ ನನಗೆ ಕಂಬಳಿ ಕಲಿಸ್ಬೇಡ. ದಾರಿ ಕಥೆ ಹೇಳು, ಕೇಳ್ತೀವಿ."

ಹದಿನೇಳು ದಿನದಲ್ಲಿ ಬಾಗದ ಅಪ್ಪನ ಬೆನ್ನು ಆ ಮಾತಿಗೆ ಬಾಗಿದ್ದನ್ನು ಗೋಡೆಯ ಮೇಲಿಂದ ಇಣುಕಿ ನೋಡಿದೆ. ಹತ್ತು ಕಂಬಳಿಯನ್ನು ಹೇಗೋ ಒಬ್ಬನೇ ನೇಯಬಹುದು. ಆದರೆ ರೈಟರು ಒಪ್ಪಿ ನೂರು ಕೇಳಿದರೆ ಹದಿನಾಲ್ಕು ಮಗ್ಗವೂ ಬೇಕು. ಜೋಗಪ್ಪ ಬಾರದೆ ಉಳಿದವರು ಬರುವುದಿಲ್ಲ.

ಎಲ್ಲರೂ ಹೋದ ಮೇಲೆ ಅಪ್ಪ, "ಆ ಮಳೇನ ಇಲ್ಲಿಗೆ ತಂದು ತೋರ್ಸಾಕೆ ಆಗಿದ್ರೆ" ಎಂದ.

ನಾನು ಆಗ ಕೂಸಿನ ತಲೆಗೆ ಎಣ್ಣೆ ಇಡುತ್ತಿದ್ದೆ. ಮಳೆ ಇಲ್ಲದ ಆ ಓಣಿಯಲ್ಲಿ ದಿನವೂ ಹಂಡೆಗಟ್ಟಲೆ ನೀರು ಬೀಳುತ್ತಿದ್ದ ಜಾಗ ಒಂದೇ, ನನ್ನ ಬಚ್ಚಲು. ಬಾಣಂತಿಗೆ ಎರಡು ಹಂಡೆ, ಕೂಸಿಗೆ ಒಂದು ಕೊಡ, ತಪ್ಪದೆ.

"ಅಪ್ಪಾ, ನನ್ನ ಬಚ್ಚಲ ಮೋರಿ ಮೇಲೆ ಎರಡು ಕಂಬಳಿ ಹಾಕು. ಒಂದು ಜೋಗಪ್ಪಜ್ಜಂದು, ಇನ್ನೊಂದು ನಿಂದು, ಗಂಜಿ ಬಿಡೋ ತನಕ ತುಳಿದು ಹಾಕು. ದಿನಾ ನನ್ನ ನೀರು ಬೀಳ್ಲಿ. ನೆರಳಲ್ಲೇ ಇರ್ಲಿ."

"ಬಾಣಂತಿ ನೀರಾ?" ಅವ್ವ ಹೌಹಾರಿದಳು. "ಓಣಿ ಏನಂತದೆ?"

"ಸೂತಕ ಕಳೆದು ಎಷ್ಟು ದಿನ ಆತು ಅವ್ವಾ? ಸೀಗೆಕಾಯಿ ನೀರು ಅದು. ಮೋರಿಗೆ ಹೋಗೋದು ಕಂಬಳಿ ಮೇಲೆ ಹೋಗ್ಲಿ."

ಅವ್ವ ಹಂಡೆಯ ಕಡೆ ನೋಡಿ, "ಹೆಂಗೂ ನೀರು ಕಾಯ್ಸೋಳು ನಾನೇ" ಎಂದಳು.

ಕಂಬಳಿ ಕೇಳಲು ಅವಳೇ ಹೋದಳು. ಜೋಗಪ್ಪ ಹಟದಿಂದಲೇ ತನ್ನ ಮಗ್ಗದ ಒಂದು ಒಳ್ಳೆಯ ಕಂಬಳಿ ಕೊಟ್ಟ. "ಹದಿನೈದು ದಿನ ಆಗ್ಲಿ, ಹಿಂಗೇ ನಿಲ್ತದೆ ನೋಡು" ಎಂದು ಅವಳ ಮುಂದೆ ಅಂಚಿನ ಮೇಲೆ ನಿಲ್ಲಿಸಿ ತೋರಿಸಿದನಂತೆ.

ಏಳು ದಿನ ಏನೂ ಆಗಲಿಲ್ಲ. ಎಂಟನೆಯ ದಿನ ಅವ್ವ ಬಚ್ಚಲಿಗೆ ಹೋದವಳು ಸೆರಗು ಮೂಗಿಗೆ ಒತ್ತಿಕೊಂಡು ಬಂದಳು. ಹತ್ತನೆಯ ದಿನ ಪಕ್ಕದ ಮನೆಯ ಚಿನ್ನಕ್ಕ ಬಂದು, "ಏನ್ ಯರ್ರಮ್ಮಾ, ಇಲಿ ಸತ್ತೈತೇನು?" ಎಂದು ಕೇಳಿದಳು. ಹನ್ನೊಂದನೆಯ ದಿನ ಅಪ್ಪ ಜೋಗಪ್ಪನನ್ನು ಕರೆದ. ಹಿಂದೆಯೇ ಓಣಿಯೂ ಬಂತು.

ಅಪ್ಪ ಎರಡೂ ಕಂಬಳಿ ಎತ್ತಿ ಅಂಗಳದ ಕಲ್ಲಿನ ಮೇಲೆ ಹಾಕಿದ. ಗಂಜಿ ಕಂಬಳಿಯಿಂದ ಲೋಳೆ ಇಳಿಯಿತು, ನಾಲ್ಕು ಜನ ಹಿಂದಕ್ಕೆ ಸರಿದರು. ತುಳಿದ ಕಂಬಳಿ ಹಿಂಡಿದರೆ ನೀರು ಮಾತ್ರ ಬಂತು. ಜೋಗಪ್ಪ ಕುಕ್ಕರಗಾಲಲ್ಲಿ ಕೂತು ತನ್ನ ಕಂಬಳಿಯ ಅಂಚು ಮುಟ್ಟಿದ, ಬೆರಳು ಮೂಸಿದ. ಅಂಚನ್ನು ತಿರುಗಿಸಿ ತನ್ನ ನೇಯ್ಗೆಯನ್ನು ನೋಡಿದ.

"ನನ್ನ ಕಂಬಳೀನೇ ಇದು" ಎಂದ ಕೊನೆಗೆ. ಯಾರೂ ಅಲ್ಲವೆಂದಿರಲಿಲ್ಲ.

ಮತ್ತೆ ಎದ್ದು, ಪಂಚೆ ಎತ್ತಿ ಕಟ್ಟಿ, "ಎಲ್ಲಲೇ ತುಳಿಯೋದು?" ಎಂದು ಅಪ್ಪನನ್ನು ಕೇಳಿದ.

ಅವತ್ತಿನಿಂದ ನನ್ನ ಸ್ನಾನದ ಹೊತ್ತು ಓಣಿಗೆಲ್ಲ ಗೊತ್ತಾಯಿತು. ಮೋರಿಯ ಬಾಯಿಗೆ ನೀರು ಹಿಡಿಯುವ ಕಲ್ಲಿನ ದೋಣಿ ಇಟ್ಟರು. ನಾನು ಮಿಂದು ಒಳಗೆ ಹೋಗಿ, ಅವ್ವ ಸಾಂಬ್ರಾಣಿ ಹೊಗೆ ಹಾಕುವಷ್ಟರಲ್ಲಿ ಹೊರಗೆ ಬೆಚ್ಚಗಿನ ಸೀಗೆನೀರಿನಲ್ಲಿ ತುಳಿಯುವ ಸದ್ದು ಕೇಳುತ್ತಿತ್ತು. ನೀರು ಸಾಲದಾದಾಗ ಮನೆಮನೆಯಿಂದ ಒಂದೊಂದು ಕೊಡ ಬಂತು. ಸಂತೆಯ ಕಂಬಳಿಗೆ ಗಂಜಿ ಮೊದಲಿನಂತೆಯೇ ಇರಲಿ, ಘಟ್ಟದ್ದಕ್ಕೆ ಅಂಚಿನ ಮೂಲೆಯಲ್ಲಿ ಗುರುತಿಗೆ ಕೆಂಪು ನೂಲು ಹಾಕೋಣ ಎಂದವನು ಜೋಗಪ್ಪನೇ. ನೇಯ್ದವರು ಯಾರೆಂದು ತಿಳಿಯುವಂತೆ ಕೆಂಪು ನೂಲಿಗೆ ಒಬ್ಬೊಬ್ಬರು ಒಂದೊಂದು ಲೆಕ್ಕದ ಗಂಟು ಹಾಕಿದರು. ಅಪ್ಪನದು ಮೂರು ಗಂಟು.

ಗೌರಿ ಹಬ್ಬಕ್ಕೆ ಎಂಟು ದಿನ ಇದ್ದಾಗ ಹತ್ತು ಕಂಬಳಿ ಗಾಡಿಯಲ್ಲಿ ರೈಲಿಗೆ ಹೋದವು. ಆಮೇಲೆ ಕಾಯುವುದು. ಗಣಪತಿ ಹೋದ, ಪಿತೃಪಕ್ಷ ಹೋಯಿತು. ಅಪ್ಪ ಸುಮ್ಮನೆ ಕೂರಲಿಲ್ಲ. ಖಾಜಾ ಹುಸೇನನ ಕಂಬಳಿ ಮುಗಿಸಿದ. ಮೋರಿಯ ಪಕ್ಕದಲ್ಲಿ ಇನ್ನೂ ದೊಡ್ಡದೊಂದು ತೊಟ್ಟಿ ಕಟ್ಟಿಸಿದ. "ಕಾಗದ ಬಾರದೆ ತೊಟ್ಟಿ ಯಾಕೆ?" ಎಂದು ಅವ್ವ ಕೇಳಿದರೆ, "ಕಾಗದ ಬಂದ ಮೇಲೆ ಕಟ್ಟಾಕೆ ಹೊತ್ತೆಲ್ಲಿರ್ತದೆ?" ಎಂದ.

ಮಾನೌಮಿಯ ಎರಡನೆಯ ದಿನ ಟಪಾಲು ಬಂತು. ಈ ಸಲ ನಾನು ಬಾಗಿಲ ಸಂದಿನಲ್ಲಿ ಓದಲಿಲ್ಲ. ಕೂಸನ್ನು ಸೊಂಟಕ್ಕೆ ಹಾಕಿಕೊಂಡು ಪಡಸಾಲೆಗೇ ಬಂದು ಓದಿದೆ.

"ಕಳಿಸಿದ ಹತ್ತು ಕಂಬಳಿಯನ್ನು ಹದಿನೈದಲ್ಲ, ಇಪ್ಪತ್ತು ದಿನ ಮಳೆಯಲ್ಲಿ ಹೊದಿಸಿ ನೋಡಿದ್ದೇವೆ. ಒಂಬತ್ತು ಚೆನ್ನಾಗಿವೆ. ನಾರುವುದಿಲ್ಲ, ಒಲೆಯ ಹತ್ತಿರ ಒಂದು ದಿನದಲ್ಲಿ ಒಣಗುತ್ತವೆ. ಯುಗಾದಿಯ ಒಳಗೆ ನೂರ ಇಪ್ಪತ್ತು ಕಳಿಸುವುದು."

ಚಿನ್ನಕ್ಕ ಸೆರಗಿನಿಂದ ಕಣ್ಣು ಒತ್ತಿಕೊಂಡಳು. ಜೋಗಪ್ಪ ತೊಡೆ ತಟ್ಟಿದ. ಅಪ್ಪ ಮಾತ್ರ ನನ್ನ ಕೈಯ ಕಾಗದವನ್ನೇ ನೋಡುತ್ತಿದ್ದ.

"ಒಂಬತ್ತಾ? ಹತ್ತನೇದು ಏನಾತು?"

ಕೆಳಗೆ ಇನ್ನೆರಡು ಸಾಲಿತ್ತು. ಓದಬೇಕೋ ಬೇಡವೋ ಎಂದು ಒಂದು ಗಳಿಗೆ ತಡೆದೆ.

"ಒಂದರ ಅಂಚು ಬಿಚ್ಚಿಕೊಂಡಿದೆ. ಅದರ ಮೂಲೆಯ ಕೆಂಪು ನೂಲಿಗೆ ಮೂರು ಗಂಟುಗಳಿವೆ. ಆ ನೇಕಾರನಿಗೆ ಅಂಚು ಭದ್ರ ಮಾಡಲು ತಿಳಿಸುವುದು."

ಜೋಗಪ್ಪನ ನಗು ಬೀದಿಯ ತನಕ ಕೇಳಿಸಿರಬೇಕು. "ಸೈಕಲ್ ಹತ್ತಿದ್ರೆ ಅಂಚು ಹೆಂಗೆ ಗಟ್ಟಿ ಬರ್ತದಲೇ ದೊಡ್ಡೀರಾ? ಬಾ, ಇನ್ನೊಂದ್ಸಲ ಮೊದಲಿಂದ ಕಲಿಸ್ತೀನಿ!"

"ಬರ್ತೀನಿ ಮಾವ" ಎಂದ ಅಪ್ಪ. ಅವನ ಮುಖದಲ್ಲಿ ನಗು ಇರಲಿಲ್ಲ, ನಾಚಿಕೆಯೂ ಇರಲಿಲ್ಲ. "ಇವತ್ತೇ ಬರ್ತೀನಿ. ನಿನ್ನ ಮಗ್ಗದ ಮೇಲೇ ತೋರ್ಸು."

ಇಬ್ಬರೂ ಎದ್ದು ಜೋಗಪ್ಪನ ಮನೆಯ ಕಡೆಗೆ ಹೋದರು. ಅವ್ವ ಉಣ್ಣೆಯ ಮೂಟೆ ಬಿಚ್ಚಿ ಹೆಂಗಸರಿಗೆ ಪಾಲು ಹಾಕತೊಡಗಿದಳು. ನಾನೂ ಕೂಸನ್ನು ಜೋಲಿಗೆ ಹಾಕಿ, ನನ್ನ ಪಾಲಿನ ಉಣ್ಣೆ ಹಿಡಿದು ರಾಟೆಯ ಮುಂದೆ ಕೂತೆ.